ಪಾವ್ಲೊವ್ ಮತ್ತು ಗಂಟೆ: ಫಾರ್ವರ್ಡ್ ಹೇಳದೆ ಬಿಟ್ಟ ಕಥೆ, ನಿಮ್ಮ ಮನೆಯ ತುಂಟ ನಾಯಿಗೆ ಬೇಕಾದ ಪಾಠ

ಗಡ್ಡದ ವಿಜ್ಞಾನಿ, ಕೈಯಲ್ಲೊಂದು ಗಂಟೆ, ಎದುರಿಗೆ ಜೊಲ್ಲು ಸುರಿಸುತ್ತ ನಿಂತ ನಾಯಿ. ಈ ಚಿತ್ರ ನಿಮ್ಮ ಫೋನಿಗೂ ಬಂದಿರಬಹುದು. ಗಂಟೆ ಬಾರಿಸಿ ಊಟ ಹಾಕಿದರು, ಕೊನೆಗೆ ಗಂಟೆಯ ಸದ್ದಿಗೇ ನಾಯಿ ಜೊಲ್ಲು ಸುರಿಸಿತು, ಅದಕ್ಕೆ ನೊಬೆಲ್ ಬಂತು ಎಂಬುದು ಜತೆಗಿರುವ ಬರಹದ ಸಾರ. ಕೆಲವು ಫಾರ್ವರ್ಡ್‌ಗಳು ಅಲ್ಲಿಗೇ ನಿಲ್ಲುವುದಿಲ್ಲ. ನಾಯಿ ಎಂದರೆ ಗುಂಡಿ ಒತ್ತಿದರೆ ಕೆಲಸ ಮಾಡುವ ಯಂತ್ರ, ಚಪ್ಪಲಿ ಕಚ್ಚಿ ಹರಿಯುವ ನಾಯಿಗೆ ಎರಡು ಬಿಗಿದು ಕಟ್ಟಿಹಾಕಿ, ಇಲ್ಲವೇ ಸುಸ್ತಾಗಿ ಬೀಳುವವರೆಗೆ ಓಡಿಸಿ ಎಂಬ ಸಲಹೆಯನ್ನೂ ಸೇರಿಸುತ್ತವೆ.

ಇದರಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ತಪ್ಪಿದೆ. ಇವಾನ್ ಪಾವ್ಲೊವ್ ಅವರ ಬದುಕನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಸಿಗುವ ಚಿತ್ರವೇ ಬೇರೆ. ಅವರ ಪ್ರಯೋಗಾಲಯದ ನಾಯಿಗಳು ಯಂತ್ರಗಳಂತೆ ನಡೆದುಕೊಳ್ಳಲಿಲ್ಲ. ಬೇಸರವಾದರೆ ನಿದ್ದೆಹೋದವು, ಹೊಸದು ಕಂಡರೆ ಕಲಿತದ್ದನ್ನು ಮರೆತು ಅತ್ತ ನೋಡಿದವು, ಕಷ್ಟ ಮಿತಿ ಮೀರಿದಾಗ ಕುಸಿದುಹೋದವು. ಚಟುವಟಿಕೆಯ ನಾಯಿಯನ್ನು ಆಟದ ಮೂಲಕ, ಮಿದುಳಿಗೆ ಕೆಲಸ ಕೊಟ್ಟು ಪಳಗಿಸಬೇಕು ಎಂದು ಇಂದಿನ ತರಬೇತುದಾರರು ಹೇಳುವ ಮಾತಿನ ಬೇರುಗಳಲ್ಲಿ ಕೆಲವು ಅಲ್ಲಿವೆ. ಅದಕ್ಕೇ ನಾವು ಈ ಬದುಕಿನ ಕಥೆಯನ್ನು ಹೇಳುತ್ತಿದ್ದೇವೆ.

ಬೇಲಿಯಿಂದ ಬಿದ್ದ ಹುಡುಗ

ಪಾವ್ಲೊವ್ ಹುಟ್ಟಿದ್ದು 1849ರ ಸೆಪ್ಟೆಂಬರ್ 26ರಂದು, ರಷ್ಯಾದ ರಯಾಜಾನ್ ಎಂಬ ಊರಿನಲ್ಲಿ. ತಂದೆ ಚರ್ಚಿನ ಪಾದ್ರಿ. ಮನೆಗೆ ಇವರೇ ಹಿರಿಯ ಮಗ. ಚಿಕ್ಕಂದಿನಲ್ಲಿ ಎತ್ತರದ ಬೇಲಿಯ ಮೇಲಿಂದ ಕಲ್ಲುಹಾಸಿನ ಮೇಲೆ ಬಿದ್ದು ಬಹಳ ದಿನ ನರಳಿದರು. ಶಾಲೆಗೆ ಸೇರುವಾಗ ವಯಸ್ಸು 11 ಆಗಿತ್ತು. ಆ ನಡುವೆ ಅವರನ್ನು ಕೆಲಕಾಲ ತಮ್ಮ ಬಳಿ ಇಟ್ಟುಕೊಂಡು ನೋಡಿಕೊಂಡವರು ಹತ್ತಿರದ ಮಠವೊಂದರ ಮುಖ್ಯಸ್ಥರಾಗಿದ್ದ ಅವರ ಧರ್ಮಪಿತ. ಓದಿನ ಜತೆಗೆ ಮೈಗೆ ಕೆಲಸ ಕೊಡುವ ಅಭ್ಯಾಸ ಹುಡುಗನಿಗೆ ಎಳವೆಯಲ್ಲೇ ಅಂಟಿತು. ಮೈಗೂ ತಲೆಗೂ ಎರಡಕ್ಕೂ ಕೆಲಸ ಬೇಕು ಎಂಬ ಈ ನಂಬಿಕೆಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ.

ತಂದೆಯ ಹಾದಿಯಲ್ಲೇ ಪಾದ್ರಿಯಾಗಲೆಂದು ಅವರನ್ನು ಧರ್ಮಶಾಲೆಗೆ ಸೇರಿಸಲಾಯಿತು. ಅಲ್ಲಿದ್ದಾಗ ಕೈಗೆ ಸಿಕ್ಕ ವಿಜ್ಞಾನದ ಬರಹಗಳು ಹಾದಿ ತಪ್ಪಿಸಿದವು. ಮನಸ್ಸಿನ ಕೆಲಸವನ್ನೂ ಮಿದುಳಿನ ಪ್ರತಿಕ್ರಿಯೆಗಳಾಗಿ ವಿವರಿಸಬಹುದು ಎಂದು ವಾದಿಸಿದ ಇವಾನ್ ಸೆಚೆನೊವ್ ಅವರ ಪುಸ್ತಕ ಆಗಷ್ಟೇ, 1863ರಲ್ಲಿ ಬಂದಿತ್ತು. 1870ರಲ್ಲಿ ಪಾವ್ಲೊವ್ ಧರ್ಮಶಾಲೆ ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನಿಸರ್ಗವಿಜ್ಞಾನದತ್ತ ಹೊರಳಿದರು. ಆಮೇಲೆ ವೈದ್ಯಕೀಯ ಓದಿದರು. 1881ರಲ್ಲಿ ಸೆರಾಫಿಮಾ ಅವರನ್ನು ಮದುವೆಯಾದರು. ಮೊದಲ ವರ್ಷಗಳು ಬಡತನದಲ್ಲೇ ಕಳೆದವು. ಜರ್ಮನಿಯಲ್ಲಿ ಎರಡು ವರ್ಷ ಕಲಿತು ಬಂದ ಮೇಲೂ ಗಟ್ಟಿ ಹುದ್ದೆ ಸಿಗಲು 1890ರವರೆಗೆ ಕಾಯಬೇಕಾಯಿತು.

ನೊಬೆಲ್ ಬಂದದ್ದು ಗಂಟೆಗಲ್ಲ, ಹೊಟ್ಟೆಗೆ

ಫಾರ್ವರ್ಡ್‌ನ ಮೊದಲ ತಪ್ಪು ಇಲ್ಲಿದೆ. 1904ರಲ್ಲಿ ಪಾವ್ಲೊವ್ ಅವರಿಗೆ ನೊಬೆಲ್ ಪ್ರಶಸ್ತಿ ಬಂದದ್ದು ಜೀರ್ಣಕ್ರಿಯೆಯ ಕುರಿತ ಕೆಲಸಕ್ಕೆ. ನೊಬೆಲ್ ಪಡೆದ ಮೊದಲ ರಷ್ಯನ್ ಅವರು.

ಆ ಕಾಲದಲ್ಲಿ ಜೀರ್ಣಾಂಗಗಳನ್ನು ನೋಡಲು ಪ್ರಾಣಿಯನ್ನು ಕೊಯ್ದು, ಅದು ಸಾಯುವ ಮುನ್ನ ಸಿಕ್ಕಷ್ಟು ನೋಡುವುದೇ ರೂಢಿ. ಅರೆಜೀವದ ಪ್ರಾಣಿಯ ಹೊಟ್ಟೆ ಸಹಜವಾಗಿ ಕೆಲಸ ಮಾಡುವುದಿಲ್ಲ ಎಂಬುದು ಪಾವ್ಲೊವ್ ಅವರ ಆಕ್ಷೇಪ. ಅವರು ಆಸ್ಪತ್ರೆಯಷ್ಟೇ ಶುಚಿಯಾದ ಕೋಣೆಯಲ್ಲಿ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿ, ಗಾಯ ಮಾಯಲು ಬಿಟ್ಟು, ಹೊಟ್ಟೆಯ ರಸ ಹೊರಗೆ ಹರಿಯುವಂತೆ ಸಣ್ಣ ನಳಿಕೆ ಕೂರಿಸುತ್ತಿದ್ದರು. ಆ ನಾಯಿ ಮುಂದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕುತ್ತಿತ್ತು. ಹೀಗೆ ಹೆಸರಾದ ಒಂದು ನಾಯಿಯನ್ನು ದ್ರುಝೋಕ್ ಎಂದು ಕರೆಯುತ್ತಿದ್ದರು. ರಷ್ಯನ್ ಭಾಷೆಯಲ್ಲಿ ಗೆಳೆಯ ಎಂದರ್ಥ.

ಇನ್ನೊಂದು ಬಗೆಯ ಪ್ರಯೋಗದಲ್ಲಿ ನಾಯಿ ತಿಂದದ್ದು ಹೊಟ್ಟೆಗೆ ಹೋಗದೆ ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ ಹೊರಗೆ ಬೀಳುತ್ತಿತ್ತು. ಆದರೂ ಹೊಟ್ಟೆಯಲ್ಲಿ ಜಠರರಸ ಧಾರಾಳವಾಗಿ ಹರಿಯಿತು. ಅಂದರೆ ಊಟ ಹೊಟ್ಟೆಗೆ ತಲುಪುವ ಮೊದಲೇ ಬಾಯಿ ಮತ್ತು ಮಿದುಳು ಸೇರಿ ಹೊಟ್ಟೆಗೆ ಸುದ್ದಿ ಮುಟ್ಟಿಸುತ್ತವೆ. ನಾಯಿಗಳಿಂದ ತೆಗೆದ ಈ ರಸವನ್ನು ಅಜೀರ್ಣದ ಔಷಧಿಯಾಗಿ ಮಾರಿ ಪ್ರಯೋಗಾಲಯಕ್ಕೆ ಹಣವನ್ನೂ ಮಾಡಿಕೊಂಡರು.

ಓದುವಾಗ ಮೈ ಜುಮ್ಮೆನ್ನುತ್ತದೆ ಅಲ್ಲವೇ? ನಮಗೂ ಹಾಗೇ ಆಯಿತು. ಇಂದಿನ ಪ್ರಾಣಿದಯೆಯ ನಿಯಮಗಳಡಿ ಇವುಗಳಲ್ಲಿ ಹಲವಕ್ಕೆ ಅನುಮತಿ ಸಿಗಲಾರದು. ಪಾವ್ಲೊವ್ ನಾಯಿಗಳನ್ನು ಗಮನವಿಟ್ಟು ನೋಡಿಕೊಂಡರು ಎಂಬುದೂ ನಿಜ, ಆ ನಾಯಿಗಳು ದೊಡ್ಡ ಬೆಲೆ ತೆತ್ತವು ಎಂಬುದೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ.

ಹಾಗಾದರೆ ಗಂಟೆ ಎಲ್ಲಿತ್ತು?

ಜೀರ್ಣರಸ ಅಳೆಯುವಾಗ ಒಂದು ಕಿರಿಕಿರಿ ಎದುರಾಯಿತು. ಊಟ ಬಾಯಿಗೆ ಬೀಳುವ ಮೊದಲೇ, ತಟ್ಟೆ ಕಂಡ ಕೂಡಲೇ, ಊಟ ಹಾಕುವವನ ಹೆಜ್ಜೆಯ ಸದ್ದು ಕೇಳಿದ ಕೂಡಲೇ ನಾಯಿಗಳು ಜೊಲ್ಲು ಸುರಿಸುತ್ತಿದ್ದವು. ಲೆಕ್ಕವೆಲ್ಲ ಏರುಪೇರು. ಬೇರೆಯವರಾಗಿದ್ದರೆ ಇದನ್ನು ಅಡಚಣೆ ಎಂದು ತಳ್ಳಿಹಾಕುತ್ತಿದ್ದರೇನೋ. ಪಾವ್ಲೊವ್ ಅದನ್ನೇ ಹಿಡಿದುಕೊಂಡರು. ಸುಮಾರು 1900ರ ಹೊತ್ತಿಗೆ ಶುರುವಾದ ಈ ಕೆಲಸವೇ ಅವರ ಉಳಿದ ಜೀವನವನ್ನು ತುಂಬಿತು.

ಸಂಗತಿ ಸರಳ. ಒಂದು ಸದ್ದಿಗೂ ಊಟಕ್ಕೂ ಮೊದಲು ಸಂಬಂಧವಿರುವುದಿಲ್ಲ. ಸದ್ದಿನ ಬೆನ್ನಿಗೇ ಊಟ ಬರುವುದು ಮತ್ತೆ ಮತ್ತೆ ನಡೆದರೆ ಮಿದುಳು ಎರಡನ್ನೂ ಜೋಡಿಸಿಕೊಳ್ಳುತ್ತದೆ. ಆಮೇಲೆ ಸದ್ದೇ ಊಟದ ಮುನ್ಸೂಚನೆ. ಪಠ್ಯಪುಸ್ತಕಗಳಲ್ಲಿ ಇದನ್ನು ಅನುಬಂಧಿತ ಪ್ರತಿಕ್ರಿಯೆ ಎನ್ನುತ್ತಾರೆ.

ಸದ್ದಿಗಾಗಿ ಅವರು ಹೆಚ್ಚಾಗಿ ಬಳಸಿದ್ದು ಮೆಟ್ರೊನೋಮ್ ಎಂಬ, ಸಂಗೀತ ಕಲಿಯುವವರು ಲಯಕ್ಕೆ ಇಟ್ಟುಕೊಳ್ಳುವ ಟಿಕ್ ಟಿಕ್ ಯಂತ್ರವನ್ನು. ಜತೆಗೆ ಬಜರ್, ಹಾರ್ಮೋನಿಯಂ, ವಿದ್ಯುತ್ ದೀಪ, ಚರ್ಮದ ಮೇಲಿನ ಸ್ಪರ್ಶ ಎಲ್ಲವೂ ಇದ್ದವು. ವೇಗ, ಜೋರು, ಅವಧಿ ಇವನ್ನೆಲ್ಲ ಕರಾರುವಾಕ್ಕಾಗಿ ಬದಲಿಸಬಹುದಾದ ಉಪಕರಣಗಳೇ ಅವರಿಗೆ ಬೇಕಿದ್ದವು. ಹಾಗೆಂದು ಪಾವ್ಲೊವ್ ಗಂಟೆಯನ್ನು ಮುಟ್ಟಿಯೇ ಇಲ್ಲ ಎನ್ನುವ ಇನ್ನೊಂದು ಬಗೆಯ ಫಾರ್ವರ್ಡ್ ಇದೆ. ಅದೂ ತಪ್ಪು. ವಿದ್ಯುತ್ ಗಂಟೆಯನ್ನು ಆಗೊಮ್ಮೆ ಈಗೊಮ್ಮೆ ಬಳಸಿದ್ದಾರೆ. ಕಥೆಯ ನಾಯಕ ಗಂಟೆಯಲ್ಲ, ಅಷ್ಟೇ.

ಮನೆಯಲ್ಲಿ ನಾಯಿ ಇರುವವರಿಗೆ ಇಲ್ಲಿ ಎರಡು ಪಾಠಗಳಿವೆ. ಒಂದು, ಸೂಚನೆ ಮೊದಲು ಬರಬೇಕು, ಬಹುಮಾನ ತಕ್ಷಣ ಹಿಂದೆಯೇ ಬರಬೇಕು. ಕ್ರಮ ತಿರುಗುಮುರುಗಾದರೆ ಜೋಡಣೆ ಸರಿಯಾಗಿ ಆಗುವುದಿಲ್ಲ. ಎರಡು, ಸದ್ದು ಮಾಡುತ್ತಲೇ ಇದ್ದು ಊಟ ಕೊಡದಿದ್ದರೆ ಜೊಲ್ಲು ಹನಿ ಹನಿಯಾಗಿ ಕಡಿಮೆಯಾಗಿ ನಿಂತುಹೋಗುತ್ತಿತ್ತು. ಬಾ, ಬಾ ಎಂದು ಹತ್ತು ಸಲ ಕರೆದು, ಬಂದಾಗ ಏನೂ ಕೊಡದೆ ಸರಪಳಿ ಹಾಕಿದರೆ ಬಾ ಎಂಬ ಮಾತಿಗೂ ಅದೇ ಗತಿ. ಅನೇಕ ಮನೆಗಳಲ್ಲಿ ನಾಯಿ ಮಾತು ಕೇಳುವುದಿಲ್ಲ ಎಂಬ ದೂರಿನ ಹಿಂದೆ ಇರುವುದು ಇದೇ.

ಏನದು ಎಂದು ತಿರುಗಿ ನೋಡುವ ನಾಯಿ

ಪ್ರಯೋಗಾಲಯದಲ್ಲಿ ಪದೇ ಪದೇ ಒಂದು ಪೇಚು ನಡೆಯುತ್ತಿತ್ತು. ಸಹಾಯಕನೊಬ್ಬ ನಾಯಿಗೆ ಏನನ್ನೋ ಚೆನ್ನಾಗಿ ಕಲಿಸಿ, ಬಂದು ನೋಡಿ ಎಂದು ಗುರುವನ್ನು ಕರೆತರುತ್ತಿದ್ದ. ಪಾವ್ಲೊವ್ ಕೋಣೆಗೆ ಕಾಲಿಟ್ಟ ಕೂಡಲೇ ಪ್ರಯೋಗ ಕೈಕೊಡುತ್ತಿತ್ತು. ನಾಯಿಗೆ ಕಲಿತದ್ದು ಮರೆತಿರಲಿಲ್ಲ. ಹೊಸ ಮನುಷ್ಯ ಬಂದನಲ್ಲ, ಅವನ ಕಡೆಗೆ ಕಿವಿ ನಿಮಿರಿಸಿ, ಮೂಗು ಚಾಚಿ ಪರಿಶೀಲಿಸುವುದೇ ಅದಕ್ಕೆ ಮುಖ್ಯವಾಗಿತ್ತು.

ಇದನ್ನು ಅವರು ಶಿಸ್ತಿನ ಕೊರತೆ ಎನ್ನಲಿಲ್ಲ. ಹೊಸದು ಎದುರಾದಾಗ ಏನದು ಎಂದು ತಿರುಗಿ ನೋಡುವುದು ಊಟ, ನೋವಿನಷ್ಟೇ ಹುಟ್ಟುಗುಣ ಎಂದು ಗುರುತಿಸಿದರು. ಆ ಗುಣವಿಲ್ಲದ ಪ್ರಾಣಿಗೆ ಪ್ರತಿ ಗಳಿಗೆಯೂ ಅಪಾಯ. ಮನುಷ್ಯನಲ್ಲಿ ಇದೇ ಗುಣ ಬೆಳೆದು ವಿಜ್ಞಾನದ ಕುತೂಹಲವಾಗಿದೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಗಮನ ಚದುರದಿರಲಿ ಎಂದು 1910ರ ದಶಕದಲ್ಲಿ ದಪ್ಪ ಗೋಡೆಗಳ, ಹೊರಗಿನ ಸದ್ದು ಒಳಬಾರದ ವಿಶೇಷ ಕಟ್ಟಡವನ್ನೇ ಕಟ್ಟಿಸಿದರು. ಅದಕ್ಕೆ ಮೌನದ ಗೋಪುರ ಎಂಬ ಹೆಸರು ಬಿತ್ತು. ನಾಯಿ ಒಂದು ಕೋಣೆಯಲ್ಲಿ, ಪ್ರಯೋಗ ಮಾಡುವವರು ಇನ್ನೊಂದರಲ್ಲಿ. ಮನೆಯಲ್ಲಿ ನಮಗೆ ಗೋಪುರ ಬೇಕಿಲ್ಲ. ಆದರೆ ಹೊಸ ಪಾಠವನ್ನು ಮೊದಲು ಮನೆಯೊಳಗೆ, ಟಿವಿ ಆರಿಸಿ ಕಲಿಸಿ, ಆಮೇಲೆ ಅಂಗಳ, ಆಮೇಲೆ ಬೀದಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ಮನೆಯಲ್ಲಿ ಕೂರು ಎಂದರೆ ಕೂರುವ ನಾಯಿ ಬೀದಿಯಲ್ಲಿ ಕೂರದಿದ್ದರೆ ಅದು ಸೊಕ್ಕಲ್ಲ.

ಚುರುಕು ನಾಯಿಗಳು ನಿದ್ದೆಹೋದವು

ಇನ್ನು ನಮ್ಮ ವಿಷಯದ ಹೃದಯಕ್ಕೆ ಬರೋಣ. ಒಂದು ಕ್ಷಣವೂ ಸುಮ್ಮನಿರದ, ಎಲ್ಲವನ್ನೂ ಮೂಸುವ, ಎಲ್ಲರ ಮೇಲೂ ಹಾರುವ ನಾಯಿಗಳು ಪ್ರಯೋಗಕ್ಕೆ ಚೆನ್ನಾಗಿ ಒದಗುತ್ತವೆ ಎಂದು ಪಾವ್ಲೊವ್ ಮತ್ತು ಜತೆಗಾರರು ಮೊದಲು ಎಣಿಸಿದ್ದರು. ಅವು ನಿದ್ದೆಗೆ ಜಾರುವುದಿಲ್ಲ ಎಂಬ ಲೆಕ್ಕಾಚಾರ. ಆದದ್ದು ಉಲ್ಟಾ. ಪಟ್ಟಿ ಕಟ್ಟಿ ಮೇಜಿನ ಮೇಲೆ ನಿಲ್ಲಿಸಿ, ಅದೇ ಟಿಕ್ ಟಿಕ್ ಅನ್ನು ಮತ್ತೆ ಮತ್ತೆ ಕೇಳಿಸಿದಾಗ ಎಲ್ಲರಿಗಿಂತ ಮೊದಲು ತೂಕಡಿಸಿದ್ದು ಈ ಚುರುಕು ನಾಯಿಗಳೇ.

ಪರಿಹಾರ ಕಂಡುಕೊಳ್ಳಲು ಕೆಲಕಾಲ ಬೇಕಾಯಿತು. ಒಂದೇ ಸೂಚನೆಯನ್ನು ಎಳೆಯದೆ, ದೀಪ, ಸದ್ದು, ಸ್ಪರ್ಶ ಎಂದು ಹಲವು ಬಗೆಯವನ್ನು ಬೆರೆಸಿ ಕೊಟ್ಟಾಗ ಅದೇ ನಾಯಿಗಳು ಅತ್ಯುತ್ತಮ ವಿದ್ಯಾರ್ಥಿಗಳಾದವು. ಬೇಗ ಕಲಿತವು, ಕಲಿತದ್ದನ್ನು ಗಟ್ಟಿಯಾಗಿ ಹಿಡಿದವು. ನಾಯಿಗಳಲ್ಲೂ ಸ್ವಭಾವಗಳು ಬೇರೆ ಬೇರೆ, ಒಂದಕ್ಕೆ ಹೊಂದಿದ ಕ್ರಮ ಇನ್ನೊಂದಕ್ಕೆ ಹೊಂದದು ಎಂಬ ತೀರ್ಮಾನಕ್ಕೆ ಪಾವ್ಲೊವ್ ಬಂದದ್ದು ಇಂಥ ಅನುಭವಗಳಿಂದ.

ಕಟ್ಟಿಸಿಕೊಳ್ಳಲು ಒಪ್ಪದ ನಾಯಿಯೂ ಒಂದಿತ್ತು. ಬಿಟ್ಟರೆ ಸಾಧು, ಪಟ್ಟಿ ಬಿಗಿದರೆ ಕೊಸರಾಟ, ನಿಲ್ಲದ ಜೊಲ್ಲು. ಹಲವು ವಾರ ಕಳೆದರೂ ಕಾರಣ ಹೊಳೆಯಲಿಲ್ಲ. ಕೊನೆಗೆ, ಇದು ಸ್ವಾತಂತ್ರ್ಯದ ಹುಟ್ಟುಗುಣ, ಕಟ್ಟನ್ನು ಸಹಿಸದ ಗುಣ ಎಂದು ಪಾವ್ಲೊವ್ ಹೆಸರಿಟ್ಟರು. ಅದನ್ನು ಸರಿಪಡಿಸಿದ್ದು ಹೊಡೆತದಿಂದಲ್ಲ. ಆ ಮೇಜಿನ ಮೇಲೆಯೇ ಊಟ ಕೊಡುತ್ತ, ತಿಂಗಳುಗಟ್ಟಲೆ ಕಾದರು. ಮೊದಮೊದಲು ಸರಿಯಾಗಿ ತಿನ್ನದ ನಾಯಿ ನಿಧಾನವಾಗಿ ಶಾಂತವಾಯಿತು.

ಕಷ್ಟ ಮಿತಿ ಮೀರಿದಾಗ

ಮಿದುಳಿಗೆ ಕೆಲಸ ಬೇಕು ಎಂದ ಮಾತ್ರಕ್ಕೆ ಎಷ್ಟು ಕಷ್ಟದ ಕೆಲಸವಾದರೂ ಸೈ ಎಂದಲ್ಲ. 1914ರ ಸುಮಾರಿಗೆ ಶೆಂಗರ್-ಕ್ರೆಸ್ತೊವ್ನಿಕೊವಾ ಎಂಬ ಸಂಶೋಧಕಿ ಅವರ ಪ್ರಯೋಗಾಲಯದಲ್ಲಿ ಒಂದು ನಾಯಿಗೆ ಆಕಾರ ಗುರುತಿಸಲು ಕಲಿಸುತ್ತಿದ್ದರು. ವೃತ್ತ ಕಂಡರೆ ಊಟ ಬರುತ್ತದೆ, ಮೊಟ್ಟೆಯಾಕಾರ ಕಂಡರೆ ಬರುವುದಿಲ್ಲ. ನಾಯಿ ಸಲೀಸಾಗಿ ಕಲಿಯಿತು. ಆಮೇಲೆ ಮೊಟ್ಟೆಯಾಕಾರವನ್ನು ಸ್ವಲ್ಪ ಸ್ವಲ್ಪವೇ ದುಂಡಗೆ ಮಾಡುತ್ತ ಹೋದರು. ಉದ್ದ ಅಗಲಗಳ ಅನುಪಾತ 9ಕ್ಕೆ 8 ಆದಾಗ ಎರಡರ ನಡುವೆ ವ್ಯತ್ಯಾಸವೇ ಕಾಣದಷ್ಟಾಯಿತು.

ಮೂರು ವಾರ ಅದನ್ನೇ ಮುಂದುವರಿಸಿದರು. ಕಲಿಕೆ ಸುಧಾರಿಸುವ ಬದಲು ಕೆಟ್ಟಿತು. ಅದುವರೆಗೆ ಸುಮ್ಮನೆ ನಿಲ್ಲುತ್ತಿದ್ದ ನಾಯಿ ಕೀರಲು ದನಿಯಲ್ಲಿ ಕೂಗತೊಡಗಿತು, ಮೈ ಕೊಸರಿಕೊಂಡಿತು, ಉಪಕರಣಗಳನ್ನು ಕಚ್ಚಿತು. ಮೊದಲು ಸುಲಭವಾಗಿ ಗುರುತಿಸುತ್ತಿದ್ದ ಆಕಾರಗಳೂ ತಪ್ಪಿಹೋದವು. ಮತ್ತೆ ತೀರಾ ಸುಲಭದ ಪಾಠದಿಂದ ಶುರುಮಾಡಬೇಕಾಯಿತು. ಅದೂ ಮೊದಲಿಗಿಂತ ನಿಧಾನ.

ಆ ನಾಯಿಗೆ ಯಾರೂ ಹೊಡೆದಿರಲಿಲ್ಲ ಎಂಬುದನ್ನು ಗಮನಿಸಿ. ಬಿಡಿಸಲಾಗದ ಒಗಟನ್ನು ದಿನವೂ ಮುಂದಿಟ್ಟದ್ದೇ ಸಾಕಾಯಿತು. ಮನೆಯಲ್ಲಿ ಇವತ್ತು ಸೋಫಾ ಹತ್ತಿದರೆ ಮುದ್ದು, ನಾಳೆ ಹತ್ತಿದರೆ ಏಟು ಎಂಬ ವಾತಾವರಣದಲ್ಲಿರುವ ನಾಯಿಯ ಪಾಡೂ ಇಂಥದ್ದೇ. ಯಾವುದು ಸರಿ, ಯಾವುದು ತಪ್ಪು ಎಂದು ಗುರುತಿಸಲು ಅದಕ್ಕೆ ದಾರಿಯೇ ಇರುವುದಿಲ್ಲ.

ನೆರೆ ಬಂದ ದಿನ

1917ರ ಕ್ರಾಂತಿ, ಆಮೇಲಿನ ಅಂತರ್ಯುದ್ಧದ ಹಸಿವಿನಲ್ಲಿ ಪ್ರಯೋಗಾಲಯ ನೆಲಕಚ್ಚಿತು. ಜನರಿಗೇ ಅನ್ನವಿಲ್ಲದಾಗ ನಾಯಿಗಳಿಗೆಲ್ಲಿ? ಅವು ಹಸಿವಿನಿಂದ ಸತ್ತವು. ಪಾವ್ಲೊವ್ ಸ್ವತಃ ತರಕಾರಿ ಬೆಳೆದುಕೊಂಡರು. ದೇಶ ಬಿಡುವ ಯೋಚನೆಯನ್ನೂ ಮಾಡಿದರು. 1921ರ ಜನವರಿಯಲ್ಲಿ ಲೆನಿನ್ ಸಹಿ ಮಾಡಿದ ವಿಶೇಷ ಆದೇಶದ ಮೇಲೆ ಅವರಿಗೂ ಅವರ ಕೆಲಸಕ್ಕೂ ಸೌಲಭ್ಯಗಳು ಬಂದವು.

1924ರ ಸೆಪ್ಟೆಂಬರ್ 23ರಂದು ನೆವಾ ನದಿ ಉಕ್ಕಿ ಲೆನಿನ್‌ಗ್ರಾಡ್ ನಗರಕ್ಕೆ ನುಗ್ಗಿತು. ನಾಯಿಗಳ ಗೂಡುಗಳಿಗೆ ನೀರು ತುಂಬಿತು. ಬಾಗಿಲುಗಳು ತಗ್ಗಿನಲ್ಲಿದ್ದುದರಿಂದ ನಾಯಿಗಳ ತಲೆಯನ್ನು ನೀರೊಳಗೆ ಒತ್ತಿ ಹೊರಗೆಳೆದು, ಈಜಿಸಿಕೊಂಡು ಕಟ್ಟಡಕ್ಕೆ ಸಾಗಿಸಬೇಕಾಯಿತು. ಜೀವ ಉಳಿಯಿತು. ಆದರೆ ಆಮೇಲೆ ನೋಡಿದರೆ ಕೆಲವು ನಾಯಿಗಳು ವರ್ಷಗಳಿಂದ ಕಲಿತದ್ದನ್ನೆಲ್ಲ ಕಳೆದುಕೊಂಡಿದ್ದವು. ಒಂದು ನಾಯಿ ವಾರಗಟ್ಟಲೆ ಕಾಲಾವಕಾಶ ಸಿಕ್ಕ ಮೇಲೆ ಚೇತರಿಸಿಕೊಂಡಿತು. ಪರೀಕ್ಷಿಸಲೆಂದು ಬಾಗಿಲ ಕೆಳಗಿಂದ ಸ್ವಲ್ಪ ನೀರು ಹರಿಸಿದಾಗ ಮತ್ತೆ ನಡುಗಿ, ಕಲಿಕೆ ಮತ್ತೆ ಕೆಟ್ಟಿತು.

ಹೆದರಿಕೆ ನಾಯಿಗೆ ಪಾಠ ಕಲಿಸುತ್ತದೆ ಎನ್ನುವವರು ಈ ಘಟನೆಯನ್ನು ಒಮ್ಮೆ ಓದಬೇಕು. ದೊಡ್ಡ ಹೆದರಿಕೆ ಕಲಿತದ್ದನ್ನೂ ಅಳಿಸಬಲ್ಲದು. ದೀಪಾವಳಿ ಪಟಾಕಿಗೆ ಮಂಚದಡಿ ಸೇರಿದ ನಾಯಿ ಆಮೇಲೆ ಕೆಲದಿನ ಕರೆದರೂ ಬರದಿದ್ದರೆ ಗದರಬೇಡಿ. ಅದಕ್ಕೆ ಬೇಕಿರುವುದು ಸಮಯ, ನೆಮ್ಮದಿ, ಸುಲಭದ ಆಟ.

ಒಂದೇ ತಾಯಿಯ ಮರಿಗಳು, ಎರಡು ಬಗೆಯ ಬಾಲ್ಯ

ಕೊನೆಯ ವರ್ಷಗಳಲ್ಲಿ ಪಾವ್ಲೊವ್ ನಗರದ ಹೊರಗೆ ಕೊಲ್ತುಶಿ ಎಂಬಲ್ಲಿ ದೊಡ್ಡ ಸಂಶೋಧನಾ ಕೇಂದ್ರ ಕಟ್ಟಿಸಿದರು. ಆ ವರ್ಷಗಳಲ್ಲಿ ಅವರ ಜತೆಗಾರರು ಮಾಡಿದ ಒಂದು ಕೆಲಸ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಒಂದೇ ಸೂಲಿನ ಮರಿಗಳನ್ನು ಎರಡು ಪಾಲು ಮಾಡಿದರು. ಅರ್ಧ ಮರಿಗಳು ಪಂಜರದಲ್ಲಿ ಬೆಳೆದವು, ಊಟ ನೀರಿಗೆ ಕೊರತೆಯಿಲ್ಲ. ಉಳಿದರ್ಧ ಬಯಲಲ್ಲಿ ಓಡಾಡಿ, ಜನರನ್ನು, ಸದ್ದುಗಳನ್ನು, ಹೊಸ ಜಾಗಗಳನ್ನು ಕಂಡು ಬೆಳೆದವು.

ದೊಡ್ಡವಾದ ಮೇಲೆ ಪಂಜರದ ನಾಯಿಗಳು ಪುಕ್ಕಲುಗಳಾಗಿದ್ದವು. ಸಣ್ಣ ಬದಲಾವಣೆಗೂ ಮುದುಡಿ ನೆಲಕ್ಕೆ ಅಂಟುತ್ತಿದ್ದವು. ಬಯಲಲ್ಲಿ ಬೆಳೆದ ಅವುಗಳ ಒಡಹುಟ್ಟುಗಳು ಹಾಗಿರಲಿಲ್ಲ. ಹೊಟ್ಟೆ ತುಂಬಿದರೆ ಸಾಕು ಎಂಬ ಮಾತು ಸಾಲದು ಎಂದು ಇದರಿಂದ ತಿಳಿಯಿತು. ಇವತ್ತು ನಾವು ಮರಿಗೆ ಬೇರೆ ಬೇರೆ ಜನ, ಸದ್ದು, ನೆಲ, ವಾಸನೆ ಪರಿಚಯಿಸಿ ಎನ್ನುವುದಕ್ಕೆ ಇರುವ ಹಳೆಯ ಆಧಾರಗಳಲ್ಲಿ ಇದೂ ಒಂದು.

ಸ್ವತಃ ಪಾವ್ಲೊವ್ ಹೇಗೆ ಆಡುತ್ತಿದ್ದರು?

ಪ್ರಯೋಗಾಲಯದಲ್ಲಿ ಮುಂಗೋಪಿ, ಗಡಿಯಾರ ನೋಡಿ ನಡೆಯುವ ಮನುಷ್ಯ ಎಂದೇ ಹೆಸರು. ಬೇಸಿಗೆ ಬಂತೆಂದರೆ ಸಿಲ್ಲಮ್ಯಾಗಿ ಎಂಬ ಕಡಲತೀರದ ಊರಿಗೆ ಹೋಗಿ ತೋಟದ ಕೆಲಸ, ಸೈಕಲ್, ಗೊರೊದ್ಕಿ ಆಟ. ಗೊರೊದ್ಕಿ ನಮ್ಮ ಲಗೋರಿಯ ದೂರದ ನೆಂಟ ಎನ್ನಬಹುದು. ಐದು ಮರದ ತುಂಡುಗಳನ್ನು ಒಂದು ಚೌಕದೊಳಗೆ ಬೇರೆ ಬೇರೆ ಆಕಾರದಲ್ಲಿ ಜೋಡಿಸಿ, ದೂರದಿಂದ ದೊಣ್ಣೆ ಎಸೆದು ಚೌಕದಿಂದ ಹೊರಗೆ ಹಾರಿಸಬೇಕು. ಗುರಿ, ಬಲ, ನಿಯಮ ಮೂರೂ ಬೇಕು. ಮುಪ್ಪಿನಲ್ಲೂ ಅವರು ಇದನ್ನು ಹುಚ್ಚು ಹಿಡಿದವರಂತೆ ಆಡುತ್ತಿದ್ದರು. ತಲೆಯ ಕೆಲಸದ ಸಂತೋಷದಷ್ಟೇ ಮಾಂಸಖಂಡಗಳ ಸಂತೋಷವೂ ಮುಖ್ಯ ಎಂದು ನಂಬಿದ್ದರು.

1935ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಶರೀರಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದೇ ವರ್ಷ ಅವರ ಸಂಸ್ಥೆಯ ಅಂಗಳದಲ್ಲಿ ನಾಯಿಯ ಸ್ಮಾರಕವೊಂದು ನಿಂತಿತು. ವಿಜ್ಞಾನಕ್ಕಾಗಿ ಜೀವ ಸವೆಸಿದ ನಾಯಿಗಳ ನೆನಪಿಗೆ. ಮರುವರ್ಷ, 1936ರ ಫೆಬ್ರವರಿ 27ರಂದು, ಪಾವ್ಲೊವ್ ನ್ಯುಮೋನಿಯಾದಿಂದ ತೀರಿಕೊಂಡರು. ಆಗ ಅವರಿಗೆ 86 ವರ್ಷ.

ಇದನ್ನು ನಿಮ್ಮ ನಾಯಿಗೆ ಹೇಗೆ ಬಳಸುವುದು?

ಒಂದು ಸ್ಪಷ್ಟನೆ. ಪಾವ್ಲೊವ್ ಸಾಕುನಾಯಿಗಳ ತರಬೇತುದಾರರಲ್ಲ. ನಾಯಿ ತಾನೇ ಏನನ್ನೋ ಮಾಡಿ, ಅದರ ಫಲ ನೋಡಿ ಕಲಿಯುವ ಬಗೆಯನ್ನು ತೋರಿಸಿಕೊಟ್ಟವರು ಥಾರ್ನ್‌ಡೈಕ್, ಸ್ಕಿನ್ನರ್ ಮುಂತಾದ ಅಮೆರಿಕದ ವಿಜ್ಞಾನಿಗಳು. ಇಂದಿನ ತರಬೇತಿಯಲ್ಲಿ ಎರಡೂ ಬೆರೆತಿವೆ. ಟಿಕ್ ಎನ್ನುವ ಕ್ಲಿಕ್ಕರ್ ಇದಕ್ಕೆ ಒಳ್ಳೆಯ ಉದಾಹರಣೆ. ಟಿಕ್ ಸದ್ದಿನ ಬೆನ್ನಿಗೇ ತಿಂಡಿ ಕೊಟ್ಟು ಸದ್ದಿಗೆ ಬೆಲೆ ತರುವುದು ಪಾವ್ಲೊವ್ ದಾರಿ. ಆಮೇಲೆ ನಾಯಿ ಸರಿಯಾದ ಕೆಲಸ ಮಾಡಿದ ಕ್ಷಣಕ್ಕೆ ಟಿಕ್ ಎನ್ನಿಸುವುದು ಸ್ಕಿನ್ನರ್ ದಾರಿ. ಕ್ಲಿಕ್ಕರ್ ಇಲ್ಲವೇ? ಬಾಲ್‌ಪೆನ್ನಿನ ಟಿಕ್ ಸಾಕು, ಯಾವಾಗಲೂ ಒಂದೇ ರೀತಿ ಹೇಳುವ ಒಂದು ಪುಟ್ಟ ಮಾತಾದರೂ ಸಾಕು.

ಮೂಗಿಗೆ ಕೆಲಸ ಕೊಡಿ. ದಿನದ ಊಟದಲ್ಲಿ ಸ್ವಲ್ಪ ಭಾಗವನ್ನು ಬಟ್ಟಲಿಗೆ ಹಾಕದೆ ಹುಲ್ಲಿನ ಮೇಲೆ ಚೆಲ್ಲಿ, ಹಳೇ ಟವೆಲ್‌ನಲ್ಲಿ ಸುತ್ತಿಡಿ, ರಟ್ಟಿನ ಡಬ್ಬದೊಳಗೆ ಬಚ್ಚಿಡಿ. ಡಬ್ಬದ ಪಿನ್ನು, ಟೇಪು ಮೊದಲೇ ತೆಗೆಯಿರಿ. ಮೂಸಿ ಹುಡುಕುವುದು ನಾಯಿಯ ಹುಟ್ಟುಗುಣಕ್ಕೆ ಒಪ್ಪುವ ಕೆಲಸ.

ಕಣ್ಣಾಮುಚ್ಚಾಲೆ ಆಡಿ. ಒಬ್ಬರು ನಾಯಿಯನ್ನು ಹಿಡಿದುಕೊಳ್ಳಲಿ, ಇನ್ನೊಬ್ಬರು ಬಾಗಿಲ ಹಿಂದೆ ಅವಿತು ಒಂದೇ ಸಲ ಹೆಸರು ಕರೆಯಲಿ. ಹುಡುಕಿ ಬಂದಾಗ ತಿಂಡಿ, ಮುದ್ದು. ಕರೆದಾಗ ಬರುವ ಪಾಠ ಆಟದಲ್ಲೇ ಮುಗಿಯುತ್ತದೆ. ಸ್ನಾನಕ್ಕೆ, ಕಟ್ಟಿಹಾಕಲಿಕ್ಕೆ ಮಾತ್ರ ಬಾ ಎಂದು ಕರೆಯಬೇಡಿ.

ಎಳೆದಾಟಕ್ಕೂ ಚೆಂಡಿಗೂ ನಿಯಮವಿರಲಿ. ಹಗ್ಗ ಎಳೆಯುವಾಗ ಬಿಡು ಎಂದು ನೀವು ಎಳೆಯುವುದನ್ನು ನಿಲ್ಲಿಸಿ. ಬಿಟ್ಟ ಕ್ಷಣ ಆಟ ಮತ್ತೆ ಶುರು. ಚೆಂಡು ಎಸೆಯುವ ಮೊದಲು ಒಂದು ಗಳಿಗೆ ಕೂರಬೇಕು. ಇಲ್ಲಿ ಬಹುಮಾನ ತಿಂಡಿಯಲ್ಲ, ಆಟವೇ. ಹಲ್ಲು ಕೈಗೆ ತಾಗಿದರೆ ಬೈಯದೆ ಅರ್ಧ ನಿಮಿಷ ಆಟ ನಿಲ್ಲಿಸಿ.

ಚಿಕ್ಕದಾಗಿ, ಬದಲಿಸುತ್ತ ಆಡಿ. ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. ನಾಯಿಗೆ ಬೇಸರ ಬರುವ ಮುನ್ನ, ಗೆದ್ದ ಖುಷಿಯಲ್ಲಿರುವಾಗಲೇ ನಿಲ್ಲಿಸಿ. ಕಷ್ಟವಾಗುತ್ತಿದೆ ಎನಿಸಿದರೆ ಒಂದು ಮೆಟ್ಟಿಲು ಹಿಂದಕ್ಕೆ ಬನ್ನಿ. ವೃತ್ತ ಮತ್ತು ಮೊಟ್ಟೆಯಾಕಾರದ ಆ ನಾಯಿಯನ್ನು ನೆನಪಿಡಿ.

ನಡಿಗೆ ಬಿಡಬೇಡಿ. ಮಿದುಳಿನ ಆಟ ನಡಿಗೆಗೆ ಬದಲಿಯಲ್ಲ, ಜತೆ. ಬರೀ ಓಡಿಸುತ್ತಲೇ ಹೋದರೆ ನಾಯಿಯ ದಮ್ಮು ಹೆಚ್ಚುತ್ತದೆ, ನಾಳೆ ಇನ್ನೂ ಹೆಚ್ಚು ಓಡಿಸಬೇಕಾಗುತ್ತದೆ. ನಡುವೆ ನಿಂತು ಮೂಸಲು ಬಿಡಿ. ಬಿಸಿಲೇರಿದ ಮೇಲೆ ಟಾರು ರಸ್ತೆ ಬೇಡ.

ತಿನಿಸಿನ ಎಚ್ಚರ ಇರಲಿ. ಬೇಯಿಸಿದ ಕೋಳಿಯ ಮೂಳೆಯಿಲ್ಲದ ಚೂರು, ಕ್ಯಾರೆಟ್ ಚೂರು ಆಗಬಹುದು, ದಿನದ ಊಟದ ಲೆಕ್ಕದಲ್ಲೇ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆಯ ಬದಲಿಗೆ ಜೈಲಿಟಾಲ್ ಹಾಕಿದ ತಿನಿಸು ನಾಯಿಗೆ ವಿಷ.

ಮರಿಗೆ ಹಲ್ಲು ಬರುವಾಗ ಕಚ್ಚುವುದು ಸಹಜ, ಕಚ್ಚಲು ಸರಿಯಾದ ವಸ್ತು ಕೊಡಿ. ದೊಡ್ಡ ನಾಯಿಯ ನಡತೆ ಇದ್ದಕ್ಕಿದ್ದಂತೆ ಬದಲಾದರೆ, ಮುಟ್ಟಿದರೆ ಗುರ್ ಎಂದರೆ, ತನ್ನ ಬಾಲವನ್ನೇ ಬಿಡದೆ ಅಟ್ಟಿಸಿಕೊಂಡು ಸುತ್ತುತ್ತಿದ್ದರೆ ಆಟದಿಂದ ಸರಿಹೋಗಲಿ ಎಂದು ಕಾಯಬೇಡಿ. ನೋವೋ ಕಾಯಿಲೆಯೋ ಇರಬಹುದು. ಪಶುವೈದ್ಯರಿಗೆ ತೋರಿಸಿ.

ಕೊನೆಯದಾಗಿ

ಗಂಟೆಯ ಚಿತ್ರ ಮತ್ತೆ ನಿಮ್ಮ ಗುಂಪಿಗೆ ಬಂದಾಗ ಮೂರು ವಿಷಯ ಹೇಳಿ. ಪಾವ್ಲೊವ್ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಅವರ ಮುಖ್ಯ ಉಪಕರಣ ಗಂಟೆಯಲ್ಲ. ನಾಯಿ ಯಂತ್ರ ಎಂದು ಅವರ ನಾಯಿಗಳು ತೋರಿಸಲಿಲ್ಲ, ಅದಕ್ಕೆ ವಿರುದ್ಧವಾದದ್ದನ್ನೇ ತೋರಿಸಿದವು.

ತುಂಬಾ ತುಂಟತನ, ಸಾಕಲಾಗದು ಎಂದು ನಾಯಿಯನ್ನು ಬೇರೆಯವರಿಗೆ ಕೊಡಲು ಹೊರಟವರು, ಇಲ್ಲವೇ ದಿನವಿಡೀ ಕಟ್ಟಿಹಾಕಿದವರು ನಿಮ್ಮ ಪರಿಚಯದಲ್ಲಿ ಇರಬಹುದು. ಅವರಿಗೆ ಇದನ್ನು ಕಳಿಸಿ. ನಾಳೆ ಬೆಳಗ್ಗೆ ಒಂದು ಹಳೇ ಟವೆಲ್, ಒಂದು ಹಿಡಿ ನಾಯಿಯ ಊಟ, ಐದು ನಿಮಿಷ. ಶುರುಮಾಡಲು ಅಷ್ಟು ಸಾಕು.